ಬೋಂಡ ಎಳೆದ ಕಡೆಗೆ

ಡೊಂಬಿವಲಿಯಲ್ಲಿ ಬೆಳಿಗ್ಗೆ ಆರು ಗಂಟೆಗೆ ನಾಯಿ ಹಿಡಿದು ಬೀದಿಗಿಳಿದವನಿಗೆ ಏನಾದರೊಂದು ಆಗಿಯೇ ಆಗುತ್ತದೆ. ಬೇರೆಯವರಿಗೆ ತಿಂಗಳಿಗೊಂದು ಆದರೆ ನನಗೆ ವಾರಕ್ಕೆರಡು. ಇದಕ್ಕೆ ನನ್ನ ವರ್ಚಸ್ಸೇ ಕಾರಣ ಎಂದು ನಾನು ಹೇಳುತ್ತೇನೆ. ನನ್ನ ಬಾಯಿ ಕಾರಣ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಓದಿ ನೀವೇ ತೀರ್ಮಾನ ಮಾಡಿ. ತೀರ್ಮಾನ ನನ್ನ ಕಡೆ ಆಗದಿದ್ದರೆ ನನಗೆ ತಿಳಿಸಬೇಡಿ.

ಬೆಲ್ಟು ಕೈಗೆ ಬಂದದ್ದು

ನಾನು ಕಾರ್ಕಳದ ಕಡೆಯವನು. ಕಲ್ಯಾಣದ ಒಂದು ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತು, ಕೂತಲ್ಲೇ ನಿವೃತ್ತನಾದವನು. ನಡೆಯುವುದು ನನ್ನ ಕಸುಬಾಗಿರಲಿಲ್ಲ. ಹಾಗಿರುವಾಗ ಒಂದು ದಿನ ಮಗಳು ಠಾಣೆ ಊರಿನ ಗೆಳತಿಯ ಮನೆಯಿಂದ ಎರಡು ತಿಂಗಳ ಲ್ಯಾಬ್ರಡಾರ್ ಮರಿಯೊಂದನ್ನು ಎತ್ತಿಕೊಂಡು ಬಂದಳು. ಬಣ್ಣ ಹದವಾಗಿ ಕರಿದ ಬೋಂಡದ್ದು, ಆಕಾರವೂ ಅದೇ. ಅವಳು ಮೊಬೈಲಿನಲ್ಲಿ ಇಂಗ್ಲಿಷ್ ಹೆಸರು ಹುಡುಕುತ್ತಿದ್ದಾಗ ನಾನು "ಬೋಂಡ" ಅಂದೆ. ಮರಿ ಬಾಲ ಆಡಿಸಿತು. ಗಲ್ಲಾದಲ್ಲಿ ಕೂತವನ ಕಣ್ಣು ತಪ್ಪುತ್ತದೆಯೇ?

"ವಾಕಿಂಗ್ ಪೂರ್ತಿ ನನ್ನ ಜವಾಬ್ದಾರಿ" ಎಂದು ಮಗಳು ದೇವರ ದೀಪದ ಎದುರು ಆಣೆ ಮಾಡಿದಳು. ಆ ಆಣೆ ಮೂರು ದಿನ ಬದುಕಿತು. ನಾಲ್ಕನೆಯ ಬೆಳಿಗ್ಗೆ ನವಿ ಮುಂಬಯಿಯ ಆಫೀಸಿಗೆ ಹೋಗುವ ಲೋಕಲ್ ತಪ್ಪುತ್ತದೆಂದು ಓಡುತ್ತಾ, "ಪಪ್ಪಾ, ಆಜ್ ಕೇ ದಿನ್, ಪ್ಲೀಸ್" ಎಂದು ಬೆಲ್ಟನ್ನು ನನ್ನ ಕೈಗೆ ತುರುಕಿ ಹೋದಳು. ಆ 'ಇವತ್ತೊಂದು ದಿನ'ಕ್ಕೆ ಈಗ ಮೂರು ವರ್ಷ. ಬೆಳಿಗ್ಗೆ ನಾನು, ಸಂಜೆ ಹೆಂಡತಿ, ಊಟವಾದ ಮೇಲೆ ಒಂದು ಸುತ್ತು ಮಗಳು ಎಂದು ಪಾಳಿ ನಿಗದಿಯಾಯಿತು.

ನಮ್ಮ ಮನೆಯಲ್ಲಿ ನನಗೆ ಶುಗರ್, ಹೆಂಡತಿಗೆ ಬಿಪಿ, ಮಗಳಿಗೆ ಡಯಟ್. ಡಯಟ್ ಕಾಯಿಲೆಯಲ್ಲ ಎನ್ನುತ್ತಾಳೆ ಅವಳು. ಅದರಿಂದ ನರಳುವವರು ನಾವು, ನಮಗೆ ಗೊತ್ತು.

ನಿಮ್ಮಲ್ಲಿ ಒಂದು ಗುಟ್ಟು ಹೇಳುತ್ತೇನೆ. ದಿನಾ ನಾಲ್ಕು ಕಿಲೋಮೀಟರ್ ನಡೆಯುತ್ತೇನೆಂದು ನಾನು ಮನೆಯಲ್ಲಿ ಹೇಳುವುದುಂಟು. ಮೊದಲ ಒಂದು ಕಿಲೋಮೀಟರ್ ಸತ್ಯ. ಅದು ಮುಗಿಯುವಲ್ಲಿ ನಮ್ಮೂರಿನವರ ಒಂದು ಸಣ್ಣ ಹೋಟೆಲಿದೆ. ಉಳಿದ ಮೂರು ಕಿಲೋಮೀಟರ್ ಅಲ್ಲಿ ಕೂತು ಮುಗಿಸುತ್ತೇನೆ. ಗೋಳಿಬಜೆ, ಶೀರಾ, ಮೇಲೆ ಒಂದು ಚಹಾ. ಬೋಂಡ ನನ್ನ ಮೇಜಿನ ಪಕ್ಕ ಬೆನ್ನು ನೆಟ್ಟಗೆ ಮಾಡಿ, ಒಂದು ಕಿವಿ ಎತ್ತಿ, ಬಲಗಾಲನ್ನು ನನ್ನ ಚಪ್ಪಲಿಯ ಮೇಲಿಟ್ಟು, ಹೋಮಕ್ಕೆ ಕೂತ ಯಜಮಾನನಂತೆ ಕೂರುತ್ತಾನೆ. ಅವನಿಗೆ ಇಡ್ಲಿ ಬರುವ ತನಕ ಆ ಭಂಗಿ ಬದಲಾಗುವುದಿಲ್ಲ. ಸಾಕ್ಷಿಗೆ ಬಾಯಿಲ್ಲ ಎಂಬ ಧೈರ್ಯ ನನ್ನದು.

ಕುಂದ್ರಲೇ

ಬೋಂಡನಿಗೆ ತರಬೇತಿ ಕೊಟ್ಟವನು ನಾನೇ ಎಂದು ನಮ್ಮ ವಸತಿ ಸೊಸೈಟಿಯಲ್ಲೆಲ್ಲ ಹೇಳಿಕೊಂಡಿದ್ದೆ. ನಿಜ ಏನೆಂದರೆ, ನಾವು ತುಳುವಿನಲ್ಲಿ ಗದರಿದರೆ ಆಕಳಿಸುತ್ತಾನೆ, ಮಗಳು ಇಂಗ್ಲಿಷಿನಲ್ಲಿ ಹೇಳಿದರೆ ಬೇರೆ ಕಡೆ ನೋಡುತ್ತಾನೆ. ಗೇಟಿನ ವಾಚ್‌ಮನ್ ಕಲಬುರಗಿಯವನು. ಅವನು ಕುರ್ಚಿಯಿಂದ ಏಳದೆ "ಏ ಬೋಂಡ್ಯಾ, ಕುಂದ್ರಲೇ!" ಅಂದರೆ ಸಾಕು, ಧಪ್ಪೆಂದು ಕೂರುತ್ತಾನೆ.

"ಅದೇನು ಮಂತ್ರ ಮಾರಾಯ?" ಎಂದು ಕೇಳಿದೆ.

"ಮಂತ್ರ ಏನಿಲ್ರೀ ಅಣ್ಣಾರ, ದನಿ ಹೊಟ್ಟಿ ಒಳಗಿಂದ ಬರಬೇಕ್ರೀ. ನಿಮ್ಮದು ಮೂಗಿನಾಗಿಂದ ಬರ್ತದ."

ನನಗೆ ಅವಮಾನವಾಯಿತು. ಹೊಟ್ಟೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಯಾರು? ಎಂಟು ದಿನ ಬಾತ್‌ರೂಮಿನಲ್ಲಿ ಅಭ್ಯಾಸ ಮಾಡಿದೆ. ಒಂಬತ್ತನೆಯ ದಿನ, ಗೇಟಿನಲ್ಲಿ ನಾಲ್ಕು ಜನ ನೋಡುತ್ತಿರುವಾಗ, ಉಸಿರೆಳೆದು ಒಂದು ಗರ್ಜನೆ ಹೊಡೆದೆ: "ಏ! ಕುಂದ್ರಲೇ!"

ಬೋಂಡ ಕೂರಲಿಲ್ಲ. ಯಾರದೋ ಮನೆಯ ಕಪಾಟು ಹೊತ್ತು ಮೆಟ್ಟಿಲು ಇಳಿಯುತ್ತಿದ್ದ ಇಬ್ಬರು ವಿಜಯಪುರದ ಹಮಾಲರು ಕಪಾಟನ್ನು ನೆಲಕ್ಕಿಟ್ಟು ಗೋಡೆಗೊರಗಿ ಕೂತುಬಿಟ್ಟರು. "ನಿಮಗಲ್ಲಪ್ಪ, ನಾಯಿಗೆ ಹೇಳಿದ್ದು" ಎಂದೆ.

ದೊಡ್ಡವನು ಬೆವರು ಒರೆಸಿಕೊಂಡು ಹೇಳಿದ: "ಯಾರಿಗರೆ ಹೇಳ್ರೀ ಸಾಹೇಬ್ರ, ಮುಂಜಾನಿಂದ ಕುಂದ್ರು ಅಂದವರು ನೀವ ಒಬ್ಬರು."

ಎರಡು ಚೀಲ

ನಮ್ಮಲ್ಲಿ ಬೆಳಿಗ್ಗೆ ನಡೆಯುವವರಲ್ಲಿ ಎರಡು ಜಾತಿ. ನಾಯಿ ಹಿಡಿದವರು, ಹೂ ಕೀಳುವವರು. ಎರಡನೆಯ ಜಾತಿಯವರು ಕೈಯಲ್ಲೊಂದು ಚೀಲ ಹಿಡಿದು, ಬೇರೆಯವರ ಕಾಂಪೌಂಡಿನಿಂದ ಹೊರಚಾಚಿದ ದಾಸವಾಳವೆಲ್ಲ ದೇವರು ತಮಗಾಗಿಯೇ ಚಾಚಿದ್ದು ಎಂದು ನಂಬಿದವರು. ನಮ್ಮ ಮೇಲಿನ ಮಹಡಿಯ ಜೋಶಿ ಕಾಕಾ ಆ ಜಾತಿಯ ಹಿರಿಯರು.

ನನ್ನ ಕೈಯಲ್ಲೂ ಒಂದು ಚೀಲ ಇರುತ್ತದೆ. ಬೋಂಡ ರಸ್ತೆಯಲ್ಲಿ ಮಾಡಿದ್ದನ್ನು ಎತ್ತಿ ತರಬೇಕೆಂದು ಸೊಸೈಟಿಯ ಕಾನೂನು. ಒಂದು ಬೆಳಿಗ್ಗೆ ಉದ್ಯಾನದ ಬೆಂಚಿನಲ್ಲಿ ಕಾಕಾ ಮತ್ತು ನಾನು ಅರ್ಧ ಗಂಟೆ ರಾಜಕೀಯ ಮಾತಾಡಿದೆವು. ಚೀಲಗಳನ್ನು ನಡುವೆ ಇಟ್ಟಿದ್ದೆವು. ಎರಡೂ ಬಿಳಿ, ಎರಡಕ್ಕೂ ಗಂಟು. ಅವರು ಎದ್ದು ಹೋದರು, ನಾನೂ ಎದ್ದೆ. ಕಸದ ಡಬ್ಬಿಯ ಹತ್ತಿರ ಬಂದು ಚೀಲ ಎತ್ತಿದರೆ ಬಹಳ ಹಗುರ. ಬಿಚ್ಚಿ ನೋಡಿದೆ. ಹನ್ನೊಂದು ಕೆಂಪು ದಾಸವಾಳ!

ಜೀವನದಲ್ಲಿ ನಾನು ಮೊದಲ ಸಲ ಓಡಿದ್ದು ಅಂದು. ಲಿಫ್ಟು ಮೇಲೆ ಹೋಗಿ ಆಗಿತ್ತು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಅವರ ಬಾಗಿಲು ಬಡಿದೆ. ಕಾಕಾ ಆಗತಾನೇ ಕೈಕಾಲು ತೊಳೆದು, ಚೀಲದ ಗಂಟಿಗೆ ಬೆರಳು ಹಾಕಿದ್ದರು.

"ಬಿಚ್ಚಬೇಡಿ!" ಎಂದು ಕೂಗಿದೆ. ಒಳಗೆ ಬಾಂಬ್ ಇದೆಯೆಂದು ತಿಳಿದು ಅವರ ಹೆಂಡತಿ ಸೋಫಾದ ಹಿಂದೆ ಅಡಗಿದರು.

ಈಗ ಕಾಕಾ ಹಿತ್ತಾಳೆಯ ಹೂಬುಟ್ಟಿ ತರುತ್ತಾರೆ. ನಾನು ಎದುರು ಸಿಕ್ಕರೆ ಅದನ್ನು ಎದೆಗವಚಿಕೊಂಡು ರಸ್ತೆಯ ಆಚೆ ಬದಿಗೆ ದಾಟುತ್ತಾರೆ.

ನನ್ನ ಪರಾಕ್ರಮ

ಬೀದಿ ನಾಯಿಗಳಿಗೂ ಶೇರ್ ರಿಕ್ಷಾದವರಿಗೂ ನಿಯಮ ಒಂದೇ: ತಮ್ಮ ಸ್ಟ್ಯಾಂಡಿನ ಗಡಿಯವರೆಗೆ ಗದ್ದಲ, ಗಡಿ ದಾಟಿದ ಮೇಲೆ ನೀವು ಯಾರೋ ಅವರು ಯಾರೋ. ಇದು ನನಗೆ ಗೊತ್ತು. ಆದರೆ ಮನೆಯಲ್ಲಿ ಹೇಳಿದ್ದು, ಆರು ನಾಯಿಗಳು ಬೋಂಡನನ್ನು ಸುತ್ತಿದವು, ನಾನು ಒಂದು ನೋಟ ನೋಡಿದೆ, ಆರೂ ಬಾಲ ಮಡಚಿ ಓಡಿದವು ಎಂದು. ಮರುದಿನ ಕೆಳಗಿನ ಮನೆಯವರಿಗೆ ಅದೇ ಕಥೆ ಹೇಳುವಾಗ ನಾಯಿಗಳು ಹದಿನಾಲ್ಕಾದವು.

ಹೆಂಡತಿ ಅಲ್ಲೇ ಇದ್ದಳು. "ನಿನ್ನೆ ಆರು ಅಂದಿದ್ರಲ್ಲ ಮಾರಾಯ್ರೆ?"

"ಸೋತದ್ದು ಆರು. ಉಳಿದ ಎಂಟು ನೋಡ್ಲಿಕ್ಕೆ ಬಂದದ್ದು."

ಬೋಂಡ ಮತ್ತು ಕುಟುಂಬ

ನಾಯಿ ಹಿಡಿದವರ ಬಳಗದಲ್ಲಿ ಮನುಷ್ಯರ ಹೆಸರು ಯಾರಿಗೂ ಗೊತ್ತಿಲ್ಲ. ಸಿಂಬಾನ ಮಮ್ಮಿ, ಟೈಗರ್‌ನ ಅಜ್ಜ, ಹೀಗೆ. ಗಲ್ಲಾದಲ್ಲಿ ಕೂತಾಗ ಇಡೀ ಕಲ್ಯಾಣ ನನ್ನನ್ನು 'ಅಣ್ಣಾ' ಎನ್ನುತ್ತಿತ್ತು. ಇಲ್ಲಿ 'ಬೋಂಡ ಅಂಕಲ್'. ಇರಲಿ ಎಂದುಕೊಂಡೆ. ಕಳೆದ ವರ್ಷ ಸಿಂಬಾನ ಮಮ್ಮಿಯ ಮಗನ ಮದುವೆ. ಚಿನ್ನದ ಅಕ್ಷರದ ಕರೆಯೋಲೆ ನಮ್ಮ ಮನೆಗೂ ಬಂತು. ನಮ್ಮ ಪ್ರತಿಷ್ಠೆ ನೋಡು ಎಂದು ಹೆಂಡತಿಯ ಕೈಗೆ ಕೊಟ್ಟೆ.

ಅವಳು ಲಕೋಟೆ ಓದಿದಳು: "ಶ್ರೀ ಬೋಂಡ ಮತ್ತು ಕುಟುಂಬ."

"ಇದರಲ್ಲಿ ನೀವೆಲ್ಲಿದ್ದೀರಿ?" ಎಂದು ಕೇಳಿದಳು.

"'ಕುಟುಂಬ'ದಲ್ಲಿ" ಎಂದೆ. ಊಟ ಚೆನ್ನಾಗಿತ್ತು.

ತಕ್ಕಡಿ

ಬೇರೆ ನಾಯಿಗಳನ್ನು ಡಾಕ್ಟರರ ಹತ್ತಿರ ಹೊತ್ತು ಎಳೆದು ತರಬೇಕು. ನಮ್ಮ ಬೋಂಡ ಕ್ಲಿನಿಕ್ಕಿನ ಬೋರ್ಡು ಕಂಡರೆ ತಾನೇ ನಮ್ಮನ್ನು ಎಳೆಯುತ್ತಾನೆ. ಇದು ನನ್ನಿಂದ ಬಂದ ಧೈರ್ಯ ಎಂದು ನಾನು ಅಲ್ಲಿ ಕೂತವರಿಗೆಲ್ಲ ತಿಳಿಸಿದ್ದೆ.

ಆದರೆ ಹೋದ ತಿಂಗಳು ತಕ್ಕಡಿ ನಲವತ್ತು ಕಿಲೋ ತೋರಿಸಿತು. "ಮೂರು ಹೊತ್ತು ವಾಕಿಂಗ್, ಡಯಟ್ ಫುಡ್. ಹಾಗಾದರೆ ಇದು ಹೇಗೆ?" ಎಂದು ಡಾಕ್ಟರು ಕೇಳಿದರು. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

ಮನೆಗೆ ಬಂದು ಮಗಳು ತೀರ್ಪು ಕೊಟ್ಟಳು: "ಪಪ್ಪಾ, ಬಸ್ ಹೋ ಗಯಾ, ಇನ್ನು ಸಾಕು. ಮುಂದಿನ ತಿಂಗಳು ಒಂದು ಕಿಲೋನಾದರೂ ಇಳಿಯದಿದ್ದರೆ ಠಾಣೆಯಿಂದ ನಾಯಿ ನಡೆಸುವವನನ್ನು ಇಡುತ್ತೇನೆ. ಪ್ರೊಫೆಷನಲ್. ಒಂದೇ ಸಲಕ್ಕೆ ಐದು ನಾಯಿ ನಡೆಸುತ್ತಾನೆ. ನೀವಿಬ್ಬರೂ ಮನೆಯಲ್ಲೇ ಯೋಗ ಮಾಡಿ."

ಬೆಲ್ಟು ಕೈತಪ್ಪಿದರೆ ವಾಕಿಂಗ್ ಹೋಯಿತು. ವಾಕಿಂಗ್ ಹೋದರೆ ಗೋಳಿಬಜೆ ಹೋಯಿತು. ಆ ಇಡೀ ತಿಂಗಳು ನಾನು ಎಂತಹ ತ್ಯಾಗ ಮಾಡಿದೆ ಎಂದರೆ, ಬೋಂಡನ ಇಡ್ಲಿಯನ್ನು ಎರಡರಿಂದ ಒಂದಕ್ಕೆ ಇಳಿಸಿದೆ. ನನ್ನ ಪ್ಲೇಟಿನಲ್ಲಿ ಮಾತ್ರ ಏನೂ ಕಡಿಮೆ ಮಾಡಲಿಲ್ಲ. ತೂಕ ಇಳಿಯಬೇಕಾದದ್ದು ಅವನದ್ದಲ್ಲವೇ.

ಬೋಂಡನ ಮೆರವಣಿಗೆ

ತೂಕದ ಭಾನುವಾರ ಬಂತು. ಕ್ಲಿನಿಕ್ಕಿಗೆ ಮೂವರೂ ಹೊರಟೆವು. "ರಿಕ್ಷಾ ಮಾಡುವ, ನನಗೆ ಸೊಂಟ ನೋವು" ಎಂದಳು ಹೆಂಡತಿ. ನನ್ನ ಪಾಲಿಗೆ ದೇವರೇ ಅವಳ ಬಾಯಲ್ಲಿ ಬಂದ ಹಾಗಾಯಿತು. ಮಗಳು ಒಪ್ಪಲಿಲ್ಲ. "ನಡೆದೇ ಹೋಗೋಣ, ತಕ್ಕಡಿ ಹತ್ತುವ ಮೊದಲು ಇಷ್ಟಾದರೂ ಕರಗಲಿ" ಎಂದು ಬೆಲ್ಟನ್ನು ತಾನೇ ಹಿಡಿದಳು.

ಮೊದಲ ತಿರುವಿನಲ್ಲಿ ಬೋಂಡ ಬಲಕ್ಕೆ ಎಳೆದ. "ಆ ಕಡೆ ಏನೂ ಇಲ್ಲ" ಎಂದೆ ನಾನು, ಯಾರೂ ಕೇಳದಿದ್ದರೂ. ನಲವತ್ತು ಕಿಲೋ ಎಳೆದರೆ ಮಗಳು ಎಲ್ಲಿ ನಿಲ್ಲುತ್ತಾಳೆ? ನೇರ ಹೋಟೆಲು. ಬೋಂಡ ನನ್ನ ಮೇಜಿನ ಪಕ್ಕ ಹೋಗಿ ಬೆನ್ನು ನೆಟ್ಟಗೆ ಮಾಡಿ, ಒಂದು ಕಿವಿ ಎತ್ತಿ ಕೂತ.

ಮಾಣಿ ಮುಖ ಅರಳಿಸಿ ಬಂದ. "ಓ ಅಣ್ಣಾ, ಇವತ್ತು ಮನೆಯವರ ಸಮೇತ! ನಿಮ್ಮ ಮಾಮೂಲು ಗೋಳಿಬಜೆ ಎರಡು ಪ್ಲೇಟು, ಶೀರಾ ಒಂದು, ಬೋಂಡಣ್ಣನ ಇಡ್ಲಿ ಆರಿಸಿ ಇಟ್ಟಿದ್ದೇನೆ. ಇವರಿಗೆ ಎಂತ ಕೊಡ್ಲಿ?"

ಮುಂದಿನ ಐದು ನಿಮಿಷದಲ್ಲಿ ನನ್ನ ಹೆಂಡತಿ ಹೇಳಿದ್ದನ್ನು ಬರೆಯಲು ಕಾಗದ ಸಾಲದು. "ನಾಲ್ಕು ಕಿಲೋಮೀಟರ್ ಅಂತೆ! ಶುಗರ್ ಅಂತೆ! ಪಾಪದ ಪ್ರಾಣಿಯನ್ನೂ ಹಾಳು ಮಾಡಿದಿರಲ್ಲ! ಆ ಠಾಣೆಯವನೇ ಬರ್ಲಿ, ಇವರ ಕೈಗೆ ಬೆಲ್ಟು ಬೇಡವೇ ಬೇಡ!" ರಸ್ತೆಯುದ್ದಕ್ಕೂ ಬೈಗುಳ ಸಾಗಿತು. ಮಾರ್ಕೆಟ್ಟಿನ ತಿರುವಿಗೆ ಬಂದಾಗ ಮಾತ್ರ ಏಕೋ ತಟ್ಟನೆ ನಿಂತಿತು. ಬೋಂಡ ಎಡಕ್ಕೆ ಎಳೆಯುತ್ತಿದ್ದ.

"ಅಲ್ಲಿ ಏನೂ ಇಲ್ಲ" ಎಂದಳು ಹೆಂಡತಿ. ಈ ಮಾತನ್ನು ಎಲ್ಲೋ ಕೇಳಿದ್ದೇನೆ ಅನಿಸಿತು ನನಗೆ.

ಫರ್ಸಾಣ್ ಅಂಗಡಿ. ಕರಿದ ಉಪ್ಪು ತಿಂಡಿಗಳ ಪರ್ವತದ ಹಿಂದಿನಿಂದ ಮಾಲೀಕ ಕೈ ಮುಗಿದ. "ಆಯಿಯೇ ಭಾಭೀಜಿ! ಸಂಜೆ ಬರುವವರು ಇವತ್ತು ಬೆಳಿಗ್ಗೆಯೇ? ಕಚೋರಿ ಗರಮ್ ಹೈ." ಹೇಳುತ್ತಲೇ, ಕಿವಿ ಎತ್ತಿ ಕೂತ ಬೋಂಡನ ಮುಂದೆ ಒಂದು ಢೋಕ್ಲಾ ಇಟ್ಟ.

ಉಪ್ಪಿನಕಾಯಿ ನೆಕ್ಕಿದರೂ ತಲೆ ತಿರುಗುತ್ತದೆ ಎನ್ನುವ ಬಿಪಿಯ ಹೆಂಗಸು! ನಾನು ಕೈಕಟ್ಟಿ ನಿಂತು ಮುಗುಳ್ನಕ್ಕೆ. ಮೂವತ್ತಮೂರು ವರ್ಷದ ಸಂಸಾರದಲ್ಲಿ ಅಂಥ ಬೆಳಿಗ್ಗೆ ಬಂದದ್ದು ಅದೊಂದೇ.

ಮಗಳು ಮಾತ್ರ ಕೆಂಡವಾದಳು. "ಇಬ್ಬರೂ! ಇಬ್ಬರೂ ಸುಳ್ಳು! ಈ ಮನೆಯಲ್ಲಿ ಶಿಸ್ತು ಇರುವುದು ನನಗೊಬ್ಬಳಿಗೆ! ನಾಳೆಯಿಂದಲೇ ಪ್ರೊಫೆಷನಲ್ ಬರುತ್ತಾನೆ, ಮುಗಿಯಿತು!" ಎನ್ನುತ್ತಾ ಬಿರಬಿರನೆ ಹೆಜ್ಜೆ ಹಾಕಿದಳು. ಕ್ಲಿನಿಕ್ಕು ಇನ್ನೂರು ಹೆಜ್ಜೆ ದೂರವಿರುವಾಗ ಬೋಂಡ ಸ್ಟೇಷನ್ ಕಡೆಯ ಗಲ್ಲಿಗೆ ನುಗ್ಗಿದ.

"ಬೋಂಡ, ನೋ! ಅಲ್ಲಿ ಏನೂ ಇಲ್ಲ!" ಎಂದಳು ಮಗಳು.

ಹೆಂಡತಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಸೊಂಟ ನೋವು ಮರೆತು ಇಬ್ಬರೂ ಓಡಿದೆವು.

ಗಲ್ಲಿಯ ಕೊನೆಯಲ್ಲಿ ವಡಾಪಾವ್ ಗಾಡಿ. ಬೋಂಡ ಅದರ ಚಕ್ರದ ಪಕ್ಕ ಹೋಮಕ್ಕೆ ಕೂತಾಗಿತ್ತು. ಗಾಡಿಯ ಒಡತಿ ಮಾವಶಿ ಎಣ್ಣೆಯ ಬಾಣಲೆಯಿಂದ ತಲೆ ಎತ್ತಿ ಮಗಳನ್ನು ಕಂಡು ನಕ್ಕಳು. "ಕಾಯ್ ಗ, ಆಜ್ ಸಕಾಳೀಚ್? ದೋನ್ ಕೀ ತೀನ್?"

ನಮಗೆ ಮರಾಠಿ ತಿಳಿಯದೇ ಇರಲಿ ಎಂದು ಮಗಳು ಆ ಕ್ಷಣ ಪ್ರಾರ್ಥಿಸಿರಬೇಕು. ಕಲ್ಯಾಣದಲ್ಲಿ ಮೂವತ್ತು ವರ್ಷ ಗಿರಾಕಿ ನೋಡಿದವನಿಗೆ 'ಇವತ್ತು ಬೆಳಿಗ್ಗೆಯೇ? ಎರಡೋ ಮೂರೋ?' ಎಂಬುದು ತಿಳಿಯುವುದಿಲ್ಲವೇ? "ತೀನ್" ಎಂದೆ ನಾನೇ. ಮೂವರೂ ನಿಂತು ತಿಂದೆವು. ನಾಲ್ಕನೆಯವನಿಗೆ ಒಂದು ಪಾವ್ ಸಿಕ್ಕಿತು.

ಕ್ಲಿನಿಕ್ಕಿನಲ್ಲಿ ತಕ್ಕಡಿ ನಲವತ್ತೊಂದು ತೋರಿಸಿತು. ಡಾಕ್ಟರು ಕನ್ನಡಕ ತೆಗೆದು, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ ಗಡುಸು ದನಿಯಲ್ಲಿ ಕೇಳಿದರು: "ಇವನಿಗೆ ಹೊರಗಿನ ತಿಂಡಿ ಹಾಕುತ್ತಿರುವುದು ಯಾರು? ಇವತ್ತು ಹೇಳಲೇಬೇಕು."

ನಾನು ಕ್ಯಾಲೆಂಡರ್ ನೋಡಿದೆ. ಹೆಂಡತಿ ಫ್ಯಾನ್ ನೋಡಿದಳು. ಮಗಳು ಮೊಬೈಲ್ ನೋಡಿದಳು.

ಬೋಂಡ ಮಾತ್ರ ನಿಧಾನವಾಗಿ ತಕ್ಕಡಿಯಿಂದ ಇಳಿದ. ಡಾಕ್ಟರರ ಮೇಜನ್ನು ಸುತ್ತಿ ಹಿಂದಕ್ಕೆ ಹೋದ. ಎರಡನೆಯ ಡ್ರಾಯರಿನ ಎದುರು ಬೆನ್ನು ನೆಟ್ಟಗೆ ಮಾಡಿ, ಒಂದು ಕಿವಿ ಎತ್ತಿ, ಬಲಗಾಲನ್ನು ಡಾಕ್ಟರರ ಬೂಟಿನ ಮೇಲಿಟ್ಟು ಕೂತ.

ಡ್ರಾಯರಿನ ಸಂದಿಯಲ್ಲಿ ಬಿಸ್ಕೀಟಿನ ಪೊಟ್ಟಣವೊಂದರ ತುದಿ ಕಾಣುತ್ತಿತ್ತು.

ಮಗಳು ಬೆಲ್ಟನ್ನು ಮೆಲ್ಲಗೆ ನನ್ನ ಕೈಗೆ ವಾಪಸು ಕೊಟ್ಟಳು. ಡಾಕ್ಟರು ಕನ್ನಡಕ ಹಾಕಿಕೊಂಡು, ಗಂಟಲು ಸರಿ ಮಾಡಿಕೊಂಡು, "ಈ ತಕ್ಕಡಿ ನಿನ್ನೆಯಿಂದ ಸ್ವಲ್ಪ ಜಾಸ್ತಿ ತೋರಿಸುತ್ತಿದೆ" ಎಂದರು.