ಪೈಪಿನ ಅಳಿಯ

ಎಲ್ಲದಕ್ಕೂ ಮೂಲ ‘ಕ್ಯಾತಿಟರ್’ ಎಂಬ ಒಂದು ಮಾತು. ಹೆಂಡತಿಯ ಊರಿನಲ್ಲಿ ಯಾರೋ ಕೆಲಸವೇನೆಂದು ಕೇಳಿದಾಗ ಚನ್ನಕೇಶವ ಸುಮ್ಮನೆ ‘ಕಂಪನಿ ಕೆಲಸ’ ಎಂದಿದ್ದರೆ ಬಚಾವಾಗುತ್ತಿದ್ದ. ‘ಮೈಕ್ರೊಕ್ಯಾತಿಟರ್ ಡಿಸೈನ್ ಮಾಡ್ತೀನಿ’ ಎಂದುಬಿಟ್ಟ. ಅಂಬಾಜಿದುರ್ಗದ ತಪ್ಪಲಿನ ಆ ಊರಿಗೆ ಗೊತ್ತಿದ್ದದ್ದು ಒಂದೇ ಕ್ಯಾತಿಟರ್, ಆಸ್ಪತ್ರೆಯಲ್ಲಿ ಉಚ್ಚೆ ಹೋಗಲು ಹಾಕುವ ಪೈಪು. ಅಂದಿನಿಂದ ಅವನು ಲಕ್ಷ್ಮಯ್ಯನವರ ಪೈಪಿನ ಅಳಿಯ.

ಗೌರಿಬಿದನೂರಿನ ಕಂಪನಿಯಲ್ಲಿ ಅವನು ಮಾಡುತ್ತಿದ್ದದ್ದು ಬೇರೆಯೇ. ಶಾವಿಗೆ ಎಳೆಯಷ್ಟು ಸಣ್ಣ ಕೊಳವೆ ಅದು. ತೊಡೆಸಂದಿಯ ರಕ್ತನಾಳದಲ್ಲಿ ಹೊಕ್ಕು, ಒಳಗಿನ ಅಂಕುಡೊಂಕು ದಾಟಿ, ಗಡ್ಡೆಗೋ ಊದಿದ ಗ್ರಂಥಿಗೋ ರಕ್ತ ಉಣಿಸುವ ನಾಳದ ಬಾಯಿಗೆ ಹೋಗಿ ನಿಲ್ಲಬೇಕು. ಡಾಕ್ಟರು ಅದರ ಮೂಲಕ ರವೆಗಿಂತ ಸಣ್ಣ ಕಾಳುಗಳನ್ನು ಬಿಟ್ಟು ನಾಳವನ್ನು ಮುಚ್ಚುತ್ತಾರೆ. ತುದಿ ಮೆತ್ತಗಿರದಿದ್ದರೆ ನಾಳ ಗೀರುತ್ತದೆ. ಬುಡ ಗಟ್ಟಿಯಿರದಿದ್ದರೆ ಎಷ್ಟು ನೂಕಿದರೂ ಮುಂದೆ ಹೋಗುವುದಿಲ್ಲ. ಗಟ್ಟಿ ಮುಗಿದು ಮೆದು ಶುರುವಾಗುವ ಜಾಗವೇ ಚನ್ನಕೇಶವನ ತಲೆನೋವು. ಮಡಿಚಿಕೊಂಡರೆ ಅಲ್ಲೇ.

ಈ ನಡುವೆ ಲಕ್ಷ್ಮಯ್ಯನವರಿಗೇ ಪ್ರಾಸ್ಟೇಟ್ ಗ್ರಂಥಿ ಊದಿ, ಮೂತ್ರ ಕಟ್ಟಿ, ಸೊಂಟಕ್ಕೆ ಆ ಪೈಪಿನ ಚೀಲ ಬಂತು. ಹೃದಯ ಮೊದಲೇ ದುರ್ಬಲ, ಆಪರೇಷನ್ ಬೇಡ. ಸಣ್ಣ ಕೊಳವೆ ಹಾಕಿ ಗ್ರಂಥಿಯ ರಕ್ತನಾಳ ಮುಚ್ಚೋಣ ಎಂದರು ಬೆಂಗಳೂರಿನ ಡಾಕ್ಟರು. ಲಕ್ಷ್ಮಯ್ಯನವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

“ಊರೋರ ಅಪ್ಪಂದ್ರಿಗೆಲ್ಲ ಪೈಪು ಮಾಡ್ತೀರ. ನಮ್ಮಪ್ಪಂಗೆ ನಾಲ್ಕು ಮಾತು ಹೇಳಕ್ಕಾಗಲ್ವಾ?” ಎಂದಳು ಹೆಂಡತಿ ಭಾನುಪ್ರಿಯಾ. ಆ ಭಾನುವಾರ ಬೆಳಗ್ಗೆಯೇ ಚಿಕ್ಕಬಳ್ಳಾಪುರದ ಮನೆಯಿಂದ ಚನ್ನಕೇಶವ ಒಬ್ಬನೇ ಕಾರಿನಲ್ಲಿ ಹೊರಟ. ಜೇಬಿನಲ್ಲಿ ಪರೀಕ್ಷೆ ಮುಗಿಸಿ ಬಿಸಾಡಬೇಕಿದ್ದ ಒಂದು ಮಾದರಿ ಕೊಳವೆ.

ಮಾವನ ಮನೆಯ ಜಗುಲಿಯಲ್ಲಿ ಪಕ್ಕದ ಮನೆಯ ನಲ್ಲಪ್ಪ ಆಗಲೇ ಕೂತಿದ್ದರು. ಊರಿನಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಅವರಿಗೇ ವಾಸನೆ ಬರುತ್ತಿತ್ತು.

“ಏಮಪ್ಪಾ ಅಳಿಯಂದ್ರೇ, ಇಷ್ಟು ಓದಿ ಹರಿಯೋ ಪೈಪನ್ನ ಕಟ್ಟಿಸೋ ಕೆಲಸಾನಾ? ನಮ್ಮ ತೋಟದ ಡ್ರಿಪ್ಪು ಬಿಟ್ಟಿ ಕಟ್ಕೊಂತದೆ.”

ಚನ್ನಕೇಶವ ನಕ್ಕ. ಮಾತಿಗಿಂತ ಕಣ್ಣಲ್ಲಿ ತೋರಿಸುವುದು ಮೇಲೆಂದುಕೊಂಡ. ನಲ್ಲಪ್ಪ ಹೊಸ ಮನೆ ಕಟ್ಟಿಸುತ್ತಿದ್ದರು. ಅಲ್ಲಿಂದ ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು ತಂದುಕೊಟ್ಟರು. ಅದಕ್ಕೆ ನೀರು ತುಂಬಿ, ಮಂಚದ ಕಾಲಿಗೆ ಸುತ್ತಿ, ಚನ್ನಕೇಶವ ತನ್ನ ಕೊಳವೆಯನ್ನು ಒಳಗೆ ಬಿಟ್ಟ. ಎದುರು ಮನೆಯ ಕೊಂಡಮ್ಮ ಮೊರ ಹಿಡಿದೇ ಬಂದು ನಿಂತರು.

ಮೊದಲ ತಿರುವು ದಾಟಿತು. ಎರಡನೆಯದನ್ನೂ ದಾಟಿತು. “ಕೆರೆಹಾವು ಹೋದಂಗೆ ಹೋಯ್ತದೆ ನೋಡ್ರೀ!” ಎಂದರು ಕೊಂಡಮ್ಮ. ಲಕ್ಷ್ಮಯ್ಯನವರು ಚೀಲದ ಮೇಲಿನ ಟವೆಲ್ ಸರಿಮಾಡಿಕೊಂಡು ಮುಂದೆ ಬಗ್ಗಿದರು. ಮೂರನೇ ತಿರುವಿನಲ್ಲಿ ಕೊಳವೆ ನಿಂತಿತು. ಚನ್ನಕೇಶವ ಮೆಲ್ಲಗೆ ನೂಕಿದ. ಅದು ಪಟ್ಟನೆ ಮಡಿಚಿಕೊಂಡಿತು.

ಕೊಂಡಮ್ಮ ಮೊರ ಕೆಳಗಿಟ್ಟರು.

“ಮುರೀತಾ?” ಎಂದರು ಲಕ್ಷ್ಮಯ್ಯ.

“ಮುರೀಲಿಲ್ಲ ಮಾವ, ಮಡಿಚ್ಕೊಂತು. ಇದರೊಳಗೆ ಒಂದು ತಂತಿ ಇರಬೇಕು, ಅದರ ಮೇಲೆ ಜಾರ್ಕೊಂಡು ಹೋಗೋದು. ತಂತಿ ತಂದಿಲ್ಲ.”

“ಮದುವೆಗೆ ಬಂದು ತಾಳಿ ಮನೇಲಿ ಬಿಟ್ಟಂಗಾಯ್ತು,” ಎಂದರು ನಲ್ಲಪ್ಪ.

ಲಕ್ಷ್ಮಯ್ಯನವರು ಚೀಲ ಹಿಡಿದುಕೊಂಡು ಎದ್ದು ಕೋಣೆಗೆ ಹೋಗಿಬಿಟ್ಟರು. ಚನ್ನಕೇಶವ ಹಿಂದೆಯೇ ಹೋಗಿ ಹಾಸಿಗೆಯ ತುದಿಯಲ್ಲಿ ಕೂತ.

“ಮಾವ, ಇದು ಪಾಸಾಗದ ಕೊಳವೆ. ಎಲ್ಲಿ ಮಡಿಚ್ಕೊಳುತ್ತೆ ಅಂತ ಹುಡುಕೋದೇ ನನ್ನ ಕೆಲಸ. ದಿನಾ ಇಂಥವನ್ನ ಬೇಕಂತ್ಲೇ ಕೆಡಿಸ್ತೀನಿ. ಡಾಕ್ಟರು ಹಾಕೋದು ಇನ್ಯಾರೋ ನನ್ನಂಥೋನು ಕೆಡಿಸಿ ಕೆಡಿಸಿ ಸರಿಮಾಡಿರೋದು.”

“ನಿನ್ನ ಮಾತು ನಿಜ ಇರಬಹುದಪ್ಪ,” ಎಂದರು ಲಕ್ಷ್ಮಯ್ಯ ಗೋಡೆ ನೋಡುತ್ತಾ. “ಅದು ಹೊಕ್ಕೊಳೋವಾಗ ಎಚ್ಚರಾನೇ ಇರ್ತದಂತೆ. ಸುತ್ತ ಒಬ್ಬರೂ ನಮ್ಮೋರು ಇರಲ್ಲ. ಅಲ್ಲಿ ಒಂಟಿಯಾಗಿ ಮಲಕ್ಕೊಂಡು ಅದರ ದಾರಿ ಕಾಯೋ ಧೈರ್ಯ ನನಗಿಲ್ಲ. ಹೋಗು, ಊಟ ಮಾಡು.”

ಅತ್ತೆ ಆದಿಲಕ್ಷ್ಮಮ್ಮ ಬಡಿಸಿದ ಮುದ್ದೆಯನ್ನು ಚನ್ನಕೇಶವ ಅರ್ಧಕ್ಕೇ ಬಿಟ್ಟು ಎದ್ದ. ಕೈ ತೊಳೆಯಲು ಹಿತ್ತಲಿಗೆ ಬಂದರೆ ನಲ್ಲಪ್ಪ ಅವನ ರಟ್ಟೆ ಹಿಡಿದು ಗೋಡೆಯ ಮರೆಗೆ ಎಳೆದರು. ಜಗುಲಿಯ ಗತ್ತು ಮುಖದಲ್ಲಿರಲಿಲ್ಲ.

“ಅಳಿಯಂದ್ರೇ, ನಂಗೂ ಅದೇ ಕಂಪ್ಲೇಂಟು. ಚೀಲ ಒಂದು ಬಂದಿಲ್ಲ ಅಷ್ಟೇ. ಆ ಡಾಕ್ಟರ ಹತ್ರ ಕರ್ಕೊಂಡೋಗು. ಆದ್ರೆ ಊರಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಬಾರದು. ನಿಮ್ಮ ಮಾವಂಗಂತೂ ಬೇಡವೇ ಬೇಡ. ಆಣೆ ಮಾಡು.”

ಚನ್ನಕೇಶವ ಆಣೆ ಮಾಡಿದ. ಆಮೇಲೆ ಅರ್ಥವಾಯಿತು: ನಲ್ಲಪ್ಪನೇ ಹೋಗುತ್ತಾರೆ ಎಂಬ ಒಂದು ಮಾತು ಕಿವಿಗೆ ಬಿದ್ದರೆ ಮಾವ ಒಪ್ಪಿಯಾರು. ಕೋಣೆಯ ಬಾಗಿಲವರೆಗೆ ಹೋದ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ವಾಪಸು ಬಂದ. ಮನುಷ್ಯ ನಂಬಿ ಹೇಳಿದ್ದನ್ನು ಒಳ್ಳೆಯದಕ್ಕಾದರೂ ಮಾರುವುದು ಹೇಗೆ? ಫೋನಿನಲ್ಲಿ ಹೆಂಡತಿ, “ಅಷ್ಟು ದೂರ ಹೋಗಿ ಕೆಡಿಸಿಬಿಟ್ರಾ?” ಎಂದಳು.

ಸಂಜೆ ಕಾರಿನ ಹತ್ತಿರ ಬಂದರೆ ಹಿಂದಿನ ಸೀಟಿನಲ್ಲಿ ಲಕ್ಷ್ಮಯ್ಯನವರು ಒಗೆದ ಪಂಚೆಯುಟ್ಟು ಕೂತಿದ್ದರು. ಪಕ್ಕದಲ್ಲಿ ಬಟ್ಟೆಯ ಬ್ಯಾಗು.

“ನಡಿಯಪ್ಪ, ಆಸ್ಪತ್ರೆಗೆ ಹೋಗಣ.”

ಚನ್ನಕೇಶವನಿಗೆ ಕಣ್ಣು ಒದ್ದೆಯಾಯಿತು. ಕೋಣೆಯಲ್ಲಿ ತಾನಾಡಿದ ಸತ್ಯ ಕೊನೆಗೂ ನಾಟಿತಲ್ಲ ಎಂದುಕೊಂಡು ಕಾರು ಚಾಲೂ ಮಾಡಿದ. ಬೀದಿಯ ಅರಳಿಕಟ್ಟೆಯ ಮೇಲೆ ಅರ್ಧ ಊರು ಕೂತಿತ್ತು, ನಡುವೆ ನಲ್ಲಪ್ಪ. ಲಕ್ಷ್ಮಯ್ಯನವರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು:

“ಏಯ್ ನಲ್ಲಪ್ಪ! ನಿಂಗೂ ನನ್ನ ಕಾಯಿಲೇನೇ ಅಂತಲ್ಲೋ! ಹತ್ಕೊಳೋ, ಪಕ್ಕಪಕ್ಕ ಮಲಕ್ಕೊಳೋಣ. ಮೊದಲು ಮಾತ್ರ ನಾನು!”

ಅರಳಿಕಟ್ಟೆ ಗೊಳ್ಳೆಂದು ನಕ್ಕಿತು. ನಲ್ಲಪ್ಪ ಚನ್ನಕೇಶವನನ್ನು ನೋಡಿದ ನೋಟಕ್ಕೆ ಕಾರಿನ ಬಣ್ಣ ಸುಲಿಯಬೇಕಿತ್ತು.

“ನಾನು ಹೇಳಿಲ್ಲ ಮಾಮ, ಆಣೆಗೂ...” ಎಂದ ಚನ್ನಕೇಶವ ನಲ್ಲಪ್ಪನವರಿಗೆ.

“ಹಿತ್ತಲ ಗೋಡೆ ಹತ್ರ, ನನ್ನ ಕಿಟಕಿ ಕೆಳಗೇ ನಿಂತ್ಕೊಂಡು ಗುಟ್ಟು ಮಾತಾಡಿದ್ರೆ ಕಿವಿ ಮುಚ್ಕೊಂಡಿರ್ತೀನಾ?” ಎಂದು ಮಾವ ಹಿಂದಿನಿಂದ ಪಿಸುಗುಟ್ಟಿದರು. ಅದು ಹೊರಗೆ ಯಾರಿಗೂ ಕೇಳಿಸಲಿಲ್ಲ.

ನಲ್ಲಪ್ಪ ಬಂದು ಮುಂದಿನ ಬಾಗಿಲು ತೆಗೆದು ದಬಕ್ಕನೆ ಕೂತರು. ಇಡೀ ಬೀದಿಗೆ ಕೇಳುವಂತೆ ಹೇಳಿದರು:

“ನಿನಗಿಂತ ನಿನ್ನ ಪೈಪೇ ವಾಸಿ ಕಣಪ್ಪ. ಮಡಿಚ್ಕೊಂಡ್ರೂ ಸೋರಲ್ಲ.”