ಚೆಂಡುಹೂ ಸಮೇತ ತಿರುಗಿದ ಬ್ರಶ್‌ಲೆಸ್ ಮೋಟಾರಿಗೆ

ಇವರಿಗೆ,
ಮಾನ್ಯ ಶ್ರೀ ಬ್ರಶ್‌ಲೆಸ್ ಮೋಟಾರ್ ಅವರು,
ಹಾಲಿ ವಾಸ: ಬಿಸ್ಕತ್ ಡಬ್ಬ, ಮೇಲಿನಿಂದ ಎರಡನೇ ಅರೆ, ವಾರ್ಡನ್ ಕೋಣೆಯ ಕಬ್ಬಿಣದ ಬೀರು,
ವಿದ್ಯಾರ್ಥಿ ನಿಲಯ, ಹಿನಕಲ್ ರಸ್ತೆ, ಮೈಸೂರು.

ಗುರುವಾರ, 25 ಅಕ್ಟೋಬರ್ 2007

ಮಾನ್ಯರೇ,

ತಾವು ಬೀರುವಿನ ಒಳಗೆ, ಸೊಳ್ಳೆಯ ಕಾಟವಿಲ್ಲದೆ, ಮೆಸ್ಸಿನ ಸಾರಿನ ಹಂಗಿಲ್ಲದೆ, ಇಂಟರ್ನಲ್ಸ್ ಟೆನ್ಶನ್ ಇಲ್ಲದೆ ಕ್ಷೇಮವಾಗಿದ್ದೀರೆಂದು ನಂಬುತ್ತೇನೆ. ಹೊರಗಿರುವ ನಾನು ಕ್ಷೇಮವಾಗಿಲ್ಲ ಎಂಬುದನ್ನು ಮೊದಲೇ ಅರಿಕೆ ಮಾಡಿಕೊಂಡು, ತಮ್ಮ ನುಣುಪಾದ ಹೊರಮೈಗೆ ದೂರದಿಂದಲೇ ಕೈ ಮುಗಿದು, ಈ ದೂರನ್ನು ಆರಂಭಿಸುತ್ತಿದ್ದೇನೆ.

ಐದನೇ ಕ್ಲಾಸಿನಿಂದ ಹಾಸ್ಟೆಲುಗಳಲ್ಲೇ ಬೆಳೆದ ನನಗೆ ಬರೆಯಲು ಬರುವುದು ಒಂದೇ ಜಾತಿಯ ಪತ್ರ, ಅದು ರಜಾ ಅರ್ಜಿ. ಹೊಟ್ಟೆನೋವು, ಅಕ್ಕನ ಮದುವೆ, ಮತ್ತು ಇಂದಿಗೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ನಮ್ಮ ಅಜ್ಜಿಯ ಮರಣ (ಮೂರು ಸಲ), ಇವಿಷ್ಟೇ ನನ್ನ ಬರವಣಿಗೆಯ ಅನುಭವ. ಇಂಗ್ಲಿಷಿನಲ್ಲಿ ಕಂಪ್ಲೇಂಟ್ ಬರೆಯಲು ಹೋದರೆ ಗ್ರಾಮರ್ ಕೈಕೊಡುತ್ತದೆ, ಕನ್ನಡದಲ್ಲಿ ಬರೆಯಲು ಹೋದರೆ ಮರ್ಯಾದೆ ಜಾಸ್ತಿಯಾಗಿಬಿಡುತ್ತದೆ. ಆದ್ದರಿಂದ ಮುಂದೆ ತಮಗೆ ಎಲ್ಲಾದರೂ ಮರ್ಯಾದೆ ಹೆಚ್ಚು ಸಿಕ್ಕಿತು ಅನ್ನಿಸಿದರೆ ಅದನ್ನು ಸೀರಿಯಸ್ಸಾಗಿ ತೆಗೆದುಕೊಳ್ಳಬಾರದಾಗಿ ವಿನಂತಿ.

ತಮ್ಮ ಹಿರಿಮೆಯನ್ನು ಹೊಗಳದೆ ದೂರು ಹೇಳುವುದು ಸಭ್ಯತೆಯಲ್ಲ. ತಾವು ಬರುವ ಮುಂಚೆ ನಮ್ಮ ಹದಿನಾಲ್ಕನೇ ನಂಬರ್ ರೂಮಿನ ಥರ್ಮಾಕೋಲ್ ವಿಮಾನಕ್ಕೆ ಇದ್ದದ್ದು, ನನ್ನ ರೂಮ್‌ಮೇಟ್ ಕ್ಲೆಮೆಂಟ್ ಹಳೆಯ ಆಟಿಕೆ ಕಾರೊಂದರ ಹೊಟ್ಟೆ ಸೀಳಿ ತಂದ ಬ್ರಶ್ ಮೋಟಾರ್. ಪಾಪ, ಅದರೊಳಗೆ ಕಾರ್ಬನ್ನಿನ ಎರಡು ಪುಟ್ಟ ಬ್ರಶ್ಶುಗಳು ತಿರುಗುವ ಭಾಗಕ್ಕೆ ಉಜ್ಜಿಕೊಂಡೇ ಕರೆಂಟ್ ಕೊಡಬೇಕಾದ್ದರಿಂದ ಅದು ಕಿಡಿ ಕಾರುತ್ತಿತ್ತು, ಕೆಮ್ಮುತ್ತಿತ್ತು, ಸುಟ್ಟ ವಾಸನೆ ಬಿಡುತ್ತಿತ್ತು, ಐದು ನಿಮಿಷಕ್ಕೊಮ್ಮೆ ಬಿಸಿಯಾಗಿ ಮುನಿಸಿಕೊಂಡು ಕೂತುಬಿಡುತ್ತಿತ್ತು. ಒಟ್ಟಿನಲ್ಲಿ ತೊಂದರೆಯಾದರೆ ಬಾಯಿಬಿಟ್ಟು ಹೇಳುತ್ತಿತ್ತು. ತಾವು ಅಂಥವರಲ್ಲ. ತಮ್ಮಲ್ಲಿ ಉಜ್ಜಾಟವಿಲ್ಲ, ಸವೆತವಿಲ್ಲ, ಯಾರೂ ಯಾರನ್ನೂ ಮುಟ್ಟುವುದಿಲ್ಲ. ಒಳಗೆ ತಾಮ್ರದ ಸುರುಳಿಗಳು ತೆಪ್ಪಗೆ ಕೂತಿರುತ್ತವೆ, ಅಯಸ್ಕಾಂತಗಳನ್ನು ಅಂಟಿಸಿಕೊಂಡ ತಮ್ಮ ಹೊರಗಿನ ಡಬ್ಬಿಯೇ ಮುಂದಿನ ಫ್ಯಾನನ್ನು ಹೊತ್ತುಕೊಂಡು ಸುತ್ತುತ್ತದೆ. ಅಂದರೆ ಬೇರೆ ಮೋಟಾರುಗಳು ಮೈ ನಿಲ್ಲಿಸಿಕೊಂಡು ಒಳಗೆ ತಿರುಗಿದರೆ, ತಾವು ಒಳಗೆ ನಿಂತುಕೊಂಡು ಮೈಯನ್ನೇ ತಿರುಗಿಸುತ್ತೀರಿ. ಈ ಕೊನೆಯ ಮಾತನ್ನು ಓದುವವರೆಲ್ಲ ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನಾನೂ ನೆನಪಿಟ್ಟುಕೊಂಡಿದ್ದೆ, ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ.

ಹಾಸ್ಟೆಲಿಗೆ ಬರುವ ಪಾರ್ಸೆಲ್ಲುಗಳನ್ನೆಲ್ಲ ಆಫೀಸಿನವರು ಒಡೆದು ನೋಡುತ್ತಾರೆಂಬ ಭಯದಿಂದ ತಾವು ಮೊದಲು ಲಷ್ಕರ್ ಮೊಹಲ್ಲಾದಲ್ಲಿರುವ ಕ್ಲೆಮೆಂಟನ ಅತ್ತೆ ಸಹಾಯಮೇರಿಯವರ ಮನೆಯಲ್ಲಿ ಒಂದು ವಾರ ಅತಿಥಿಯಾಗಿದ್ದು, ಆಮೇಲೆ ಕೇಕಿನ ಡಬ್ಬದಲ್ಲಿ ಅಡಗಿ ನಮ್ಮ ರೂಮಿಗೆ ದಯಮಾಡಿಸಿದಿರಿ. ತಮ್ಮ ಜೊತೆ ಬಂದ ಸೂಚನೆಯ ಹಾಳೆಯಲ್ಲಿ ಇಂಗ್ಲಿಷ್ ಅಕ್ಷರಗಳಿದ್ದವು, ಇಂಗ್ಲಿಷ್ ಇರಲಿಲ್ಲ. ಬ್ಯಾಟರಿಗೆ ಇರುವುದು ಎರಡು ವೈರು, ತಮಗೆ ಮೂರು. ಈ ಸಂಕಟದಲ್ಲಿ ನಾವು ಮೊರೆ ಹೋದದ್ದು ಹಾಸ್ಟೆಲಿನ ಎಲೆಕ್ಟ್ರಿಷಿಯನ್ ಜವರಪ್ಪನವರನ್ನು. ಇಪ್ಪತ್ತೆರಡು ವರ್ಷದಿಂದ ಪಂಪ್‌ಹೌಸಿನ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೇ ಮಲಗುವ, ನೀರೆತ್ತುವ ಮೋಟಾರಿಗೆ ಜ್ವರ ಬಂದರೆ ಸದ್ದಿನಲ್ಲೇ ಹಿಡಿಯುವ ಅವರು, ತಮ್ಮನ್ನು ಅಂಗೈಯಲ್ಲಿಟ್ಟು ತೂಗಿ, "ಇದ್ರಲ್ಲೇನೈತೆ, ಒಂದು ಫೇಸು, ಒಂದು ನ್ಯೂಟ್ರು, ಮೂರನೇದು ಅರ್ತು ಕಣಪ್ಪ" ಎಂದು ಎರಡು ನಿಮಿಷದಲ್ಲಿ ತೀರ್ಪು ಕೊಟ್ಟಿದ್ದರಿಂದ ನಾವು ತಮ್ಮ ಮೂರನೇ ವೈರನ್ನು ಕಿಟಕಿಯ ಸರಳಿಗೆ ಸುತ್ತಿದೆವು. ತಾವು ಒಮ್ಮೆ ನಡುಗಿ, ಬೆಚ್ಚಗಾಗಿ, ಸುಮ್ಮನಾದಿರಿ. ಬ್ಯಾಟರಿಗೂ ತಮಗೂ ನಡುವೆ ಒಬ್ಬ ಸ್ಪೀಡ್ ಕಂಟ್ರೋಲರ್ ಸಾಹೇಬರು ಇರಲೇಬೇಕು, ಅವರ ಮೂಲಕವಲ್ಲದೆ ತಾವು ಯಾರ ಅರ್ಜಿಯನ್ನೂ ಸ್ವೀಕರಿಸುವುದಿಲ್ಲ ಎಂಬುದನ್ನು ಕ್ಲೆಮೆಂಟ್ ಸೈಬರ್ ಕೆಫೆಯಲ್ಲಿ ಓದಿ ಬಂದ ಮೇಲೆ ನಮಗೆ ತಮ್ಮ ದೊಡ್ಡಸ್ತಿಕೆ ತಿಳಿಯಿತು.

ಆ ಸಾಹೇಬರೂ ಬಂದ ಮೇಲೆ ತಾವು ಮೂರು ಸಲ ಪೀ ಎಂದು ಹಾಡಿ, ಫ್ಯಾನನ್ನು ಗರ್ರನೆ ತಿರುಗಿಸಿದಾಗ ಜವರಪ್ಪನವರಿಗೆ ಆದ ಸಂತೋಷವನ್ನು ತಾವು ನೋಡಬೇಕಿತ್ತು. "ಕರೆಂಟ್ ಕೊಟ್ಟೇಟ್ಗೆ ಸಲಾಂ ಒಡೀತದಲ್ಲೋ, ನಮ್ ಪಂಪು ಯಾವತ್ತಾದ್ರೂ ಒಡ್ದಿತ್ತಾ" ಎಂದು ಮೂರು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಆದರೆ ತಮ್ಮ ಮೈ ಎಷ್ಟು ನುಣುಪೆಂದರೆ, ಎಷ್ಟೇ ಜೋರಾಗಿ ಸುತ್ತಿದರೂ ನಿಂತೇ ಇರುವಂತೆ ಕಾಣುತ್ತದೆ. ಅವರು ತಿರುಗುವುದನ್ನು ಕಂಡದ್ದು ಫ್ಯಾನನ್ನು ಮಾತ್ರ. ಮೈ ಎಂಬುದು ನಿಂತಿರುತ್ತದೆ ಎಂದು ಅವರಿಗೆ ಇಪ್ಪತ್ತೆರಡು ವರ್ಷದ ಪಂಪು ಹೇಳಿಕೊಟ್ಟಿತ್ತು. ಹೀಗೆ ಹಿರಿಯರನ್ನು ಒಂದು ಮಾತೂ ಆಡದೆ ಯಾಮಾರಿಸುವ ತಮ್ಮ ವಿನಯವನ್ನು ಎಷ್ಟು ಹೊಗಳಿದರೂ ಸಾಲದು.

ಕಳೆದ ಶನಿವಾರದ ಆಯುಧಪೂಜೆಯ ವಿಷಯಕ್ಕೆ ಬರುತ್ತೇನೆ. ಮೆಸ್ಸಿನ ಹಿಂದಿನ ಜಗಲಿಯಲ್ಲಿ ಜನರೇಟರ್, ಇಡ್ಲಿ ಹಿಟ್ಟಿನ ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ, ಸೈಕಲ್ಲುಗಳು, ವಾರ್ಡನ್ ಏಕಾಂತಯ್ಯನವರ ಸ್ಕೂಟರ್, ಯಾರೋ ಸೀನಿಯರ್ ತಂದಿಟ್ಟ ಕ್ಯಾಲ್ಕುಲೇಟರ್, ಎಲ್ಲವೂ ಸಾಲಾಗಿ ನಿಂತಿದ್ದವು. ರೂಮಿನಲ್ಲಿ ವಿಮಾನ ಇಟ್ಟುಕೊಂಡರೆ ಸೀಟು ಕ್ಯಾನ್ಸಲ್ ಎಂದು ಹಿಂದಿನ ವಾರವಷ್ಟೇ ನನಗೆ ಎಚ್ಚರಿಕೆ ಕೊಟ್ಟಿದ್ದ ವಾರ್ಡನ್ ಅವರು, ಹಬ್ಬದ ದಿನದ ಪ್ರಸನ್ನತೆಯಲ್ಲಿ, "ಎಲ್ಲಪ್ಪಾ ನಿನ್ನ ಏರೋಪ್ಲೇನು, ಅದೂ ಯಂತ್ರವೇ ತಾನೇ" ಎಂದು ಅವರೇ ತರಿಸಿದರು. ಜವರಪ್ಪನವರು ಪಂಪಿಗೆ ಹೇಗೋ ತಮಗೂ ಹಾಗೇ, ಮುಂದೆ ಕೂತು, ತಮ್ಮ ಮೈಗೆ ಮೂರು ಗೆರೆ ವಿಭೂತಿ ಎಳೆದರು, ನೀರಿನಲ್ಲಿ ಕಲಸಿದ ಕುಂಕುಮವನ್ನು ಸುತ್ತಲೂ ಬೊಟ್ಟಿಟ್ಟರು, ಚೆಂಡುಹೂವಿನ ಸಣ್ಣ ದಂಡೆಯನ್ನು ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದರು. ವಿಮಾನದ ಚಕ್ರಗಳ ಮುಂದೆ, ಆ ಚಕ್ರಗಳಿಗಿಂತ ದೊಡ್ಡದಾದ ಎರಡು ನಿಂಬೆಹಣ್ಣುಗಳನ್ನೂ ಇಟ್ಟರು.

ನಾನು ಪಕ್ಕದಲ್ಲೇ, ಕೈಯಲ್ಲಿ ರಿಮೋಟ್ ಹಿಡಿದುಕೊಂಡು ನಿಂತಿದ್ದೆ. ಕ್ಲೆಮೆಂಟ್ ನನ್ನ ಪಕ್ಕೆಗೆ ತಿವಿದು, "ಹೇಳೋ ಮಾರಾಯ, ಆ ಮೈಯೇ ತಿರುಗೋದು ಅಂತ" ಎಂದು ಪಿಸುಗುಟ್ಟಿದ. ನಾನು ಬಾಯಿ ತೆರೆದೆ, ವಾರ್ಡನ್ ಅವರು ನನ್ನ ಕಡೆ ನೋಡಿ "ಏನು?" ಎಂದರು, ನನ್ನ ಬಾಯಿಂದ ಎಂಟು ವರ್ಷದ ಹಾಸ್ಟೆಲ್ ಜೀವನವೆಲ್ಲ ಸೇರಿ "ಏನಿಲ್ಲ ಸರ್" ಎಂದಿತು.

ಮಾನ್ಯರೇ, ನಮ್ಮಲ್ಲಿ ಮಂಗಳಾರತಿಯಾದ ಮೇಲೆ ಪ್ರತಿಯೊಂದು ಯಂತ್ರವನ್ನೂ ಒಂದು ಸಲ ಶುರು ಮಾಡಬೇಕು, ಇಲ್ಲದಿದ್ದರೆ ಪೂಜೆ ಪೂರ್ತಿಯಾಗುವುದಿಲ್ಲ. ಜನರೇಟರ್ ಗುಡುಗಿತು, ಗ್ರೈಂಡರ್ ತಿರುಗಿತು (ಅದನ್ನು ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ), ಸ್ಕೂಟರ್ ನಿಂಬೆಹಣ್ಣು ಹಿಚುಕಿ ಮುಂದೆ ಹೋಯಿತು. ಆಮೇಲೆ "ಶುರು ಮಾಡಪ್ಪಾ, ಮಂಗಳವಾಗಲಿ" ಎಂದು ಅಪ್ಪಣೆಯಾಯಿತು. ನಾನು ಥ್ರಾಟಲನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳಿದೆ. ಹೂವಿನ ಬಿಗಿತಕ್ಕೆ ತಾವು ಟ್ರ್ರ್ ಟ್ರ್ರ್ ಎಂದು ತೊದಲಿದಿರಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸೀನಿಯರ್ಸ್ ಕಿಸಕ್ಕೆಂದರು, ಕಿವಿ ಬಿಸಿಯಾಯಿತು, ನಾನು ಪೂರ್ತಿ ತಳ್ಳಿಬಿಟ್ಟೆ.

ದಾರ ತುಂಡಾಯಿತು, ಮತ್ತು ತಾವು ತಮ್ಮ ಪೂರ್ಣ ಪ್ರತಿಭೆಯನ್ನು ಪ್ರದರ್ಶಿಸಿದಿರಿ. ಬೇರೆ ಯಾವ ಮೋಟಾರಾಗಿದ್ದರೂ ಕುಂಕುಮವನ್ನು ಕಂಡಕಂಡಲ್ಲಿ ಎರಚುತ್ತಿತ್ತೇನೋ. ತಾವು ಸ್ಕೇಲಿಟ್ಟು ಎಳೆದಂತೆ ಒಂದೇ ಗೆರೆಯಲ್ಲಿ, ಮೆಸ್ಸಿನ ಬಿಳಿ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ, ನಡುವೆ ಸಿಕ್ಕಿದ ವಾರ್ಡನ್ ಅವರ ಶಾಲು, ಮೂಗು, ಕಿವಿ ಯಾವುದನ್ನೂ ಬಿಡದೆ ಚಿತ್ರಿಸಿದಿರಿ. ವಿಮಾನ ನಿಂಬೆಹಣ್ಣನ್ನು ಹಿಚುಕಲಾರದೆ ಮುಗ್ಗರಿಸಿ ಮೂಗಿನ ಮೇಲೆ ನಿಂತಿತು, ಫ್ಯಾನು ಆರತಿ ತಟ್ಟೆಗೆ ಬಡಿಯಿತು, ಪುರಿ ಕಡಲೆ ಆಕಾಶಕ್ಕೇರಿತು. ಆ ದಿನ ನಮ್ಮ ಹಾಸ್ಟೆಲಿನಿಂದ ನಿಜವಾಗಿ ಹಾರಿದ್ದು ಅದೊಂದೇ. ವಾರ್ಡನ್ ಅವರು ಹಿಂದಕ್ಕೆ ಸರಿದು ಗ್ರೈಂಡರಿನ ಅಂಚು ಹಿಡಿದುಕೊಂಡರು, ಕನ್ನಡಕ ಜಾರಿ ಒಳಗೆ ಬಿತ್ತು, ಕಲ್ಲು ಎಂಟು ಸುತ್ತು ಬರುವಷ್ಟರಲ್ಲಿ ನುಣ್ಣಗೆ ಹಿಟ್ಟಾಯಿತು.

ವಾರ್ಡನ್ ಅವರು ಮುಖ ಒರೆಸಿಕೊಂಡು ಕೇಳಿದ ಮೊದಲ ಪ್ರಶ್ನೆ, "ಹೂ ಕಟ್ಟಿದವನು ಯಾರು?" ಎಂಬುದು. ರಿಮೋಟ್ ಯಾರ ಕೈಯಲ್ಲಿತ್ತು ಎಂದು ಅವರು ಕೇಳಲಿಲ್ಲ, ಶುರು ಮಾಡು ಎಂದದ್ದು ಯಾರು ಎಂದು ಕೇಳಿಕೊಳ್ಳುವ ಅಗತ್ಯವಂತೂ ಅವರಿಗೆ ಕಾಣಲಿಲ್ಲ. ಜವರಪ್ಪನವರು ಕಣ್ಣಿಗೆ ಬಿದ್ದ ವಿಭೂತಿಯನ್ನು ಉಜ್ಜಿಕೊಳ್ಳುತ್ತಾ "ನಾನೇ ಸಾ" ಎಂದರು. ತಾವು ಅಂದೇ ಜಪ್ತಿಯಾಗಿ ಬಿಸ್ಕತ್ ಡಬ್ಬದಲ್ಲಿ ವಾರ್ಡನ್ ಅವರ ಬೀರು ಸೇರಿದಿರಿ. ಸೋಮವಾರ ನೋಟಿಸ್ ಬಂತು: ಗುರುವಾರ ಸಂಜೆ ಐದರೊಳಗೆ ಜವರಪ್ಪ ಲಿಖಿತ ವಿವರಣೆ ಕೊಟ್ಟು, ಪಂಪ್‌ಹೌಸಿನ ಕೀಯನ್ನು ಆಫೀಸಿಗೆ ಒಪ್ಪಿಸತಕ್ಕದ್ದು, ಇನ್ನು ಮೇಲೆ ಯಾವ ಯಂತ್ರವನ್ನೂ ಮುಟ್ಟತಕ್ಕದ್ದಲ್ಲ, ತೋಟಕ್ಕೆ ನೀರು ಹಾಕತಕ್ಕದ್ದು. ನನ್ನ ಸೀಟು ಉಳಿಯಲು ನಾನು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಆ ವಿದ್ಯೆಯಲ್ಲಿ ನಾನು ರ‍್ಯಾಂಕ್ ಸ್ಟೂಡೆಂಟ್.

ಮಂಗಳವಾರ ಅವರು ನಮ್ಮ ರೂಮಿಗೆ ಬಂದು ಬಾಗಿಲಲ್ಲೇ ನಿಂತು, "ನೀನು ಚೆಂದಾಗಿ ಬರೀತೀಯಂತೆ, ತಪ್ಪು ನಂದೇ ಅಂತ ಒಂದು ಕಾಗ್ದ ಬರ್ಕೊಡಪ್ಪ. ನಿಂದು ಓದೋ ವಯಸ್ಸು. ನಂಗೇನು, ಕೀ ಕೊಟ್ಬುಟ್ರೆ ಆಯ್ತು" ಎಂದರು. ಹಾಗೆ ಹೇಳುವಾಗ ಅವರ ಕೈ ಉಡಿದಾರದ ಕಡೆ ಹೋಗಿ ಬಂತು. ಕ್ಲೆಮೆಂಟ್ ನನ್ನನ್ನೇ ನೋಡುತ್ತಿದ್ದ. ನಾನು ಪೆನ್ ತೆಗೆದುಕೊಂಡು, ಮಾರ್ಜಿನ್ ಬಿಟ್ಟು, ದುಂಡಗೆ, 'ಪೂಜ್ಯ ವಾರ್ಡನ್ ಅವರಲ್ಲಿ ಜವರಪ್ಪನು ಮಾಡಿಕೊಳ್ಳುವ ವಿನಂತಿ' ಎಂದು ಶುರು ಮಾಡಿ, ಒಂದೂ ಚಿತ್ತು ಕಾಟಿಲ್ಲದೆ ಮುಗಿಸಿದೆ. ಅವರು ಓದಲು ಹೋಗದೆ ಸಹಿ ಹಾಕಿ, "ಅಕ್ಸರ ಮುತ್ತಂಗವೆ ಕಣಪ್ಪ" ಎಂದು ಮೆಚ್ಚಿಕೊಂಡು ಹೋದರು. ಅಂದಿನಿಂದ ಕ್ಲೆಮೆಂಟ್ ನನ್ನ ಜೊತೆ ಮೆಸ್ಸಿಗೆ ಬರುತ್ತಿಲ್ಲ.

ಇಷ್ಟೆಲ್ಲ ಆಗಿದ್ದು ತಮ್ಮಿಂದ. ಆದಕಾರಣ ತಮ್ಮಲ್ಲಿ ಕೆಲವು ಬೇಡಿಕೆಗಳಿವೆ. ಮುಂದಿನ ವರ್ಷದಿಂದ ಆಯುಧಪೂಜೆಯ ದಿನ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ, ತಾವು ಮೈಯನ್ನು ನಿಲ್ಲಿಸಿಕೊಂಡು ಒಳಗಿನ ತಾಮ್ರವನ್ನು ತಿರುಗಿಸಬೇಕು; ಹಾಗೆ ಮಾಡಿದರೆ ಮೂರೂ ವೈರುಗಳು ಮುರುಚಿಕೊಂಡು ತುಂಡಾಗುತ್ತವೆಂದು ನನಗೆ ಗೊತ್ತು, ಆದರೆ ನಮ್ಮಲ್ಲಿ ಹಬ್ಬದ ದಿನ ಎಲ್ಲರೂ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ. ಸಾಧ್ಯವಾದರೆ ಎರಡು ಬ್ರಶ್ಶನ್ನಾದರೂ ಹಾಕಿಸಿಕೊಂಡು, ಅಪಾಯಕ್ಕೆ ಮುಂಚೆ ಕೆಮ್ಮುವುದನ್ನು ಕಲಿಯಬೇಕು. ಇಂದು ಸಂಜೆ ಐದಕ್ಕೆ ಬೀರುವಿನಿಂದ ತಾವಾಗಿಯೇ ಇಳಿದು ಬಂದು, ಹೌದೆಂದರೆ ಒಂದು ಪೀ, ಅಲ್ಲವೆಂದರೆ ಎರಡು ಪೀ ಎಂಬ ಪ್ರಕಾರ ಸಾಕ್ಷಿ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಮೈಮೇಲೆ 'ಇದಕ್ಕೆ ಹೂ ಕಟ್ಟಬೇಡಿ' ಎಂದು ಕನ್ನಡದಲ್ಲಿ ಕೆತ್ತಿಸಿಕೊಂಡೇ ಹುಟ್ಟಬೇಕು. ಆಗ ಅದನ್ನು ಹೇಳುವ ಕಷ್ಟ, ಪಕ್ಕದಲ್ಲಿ ರಿಮೋಟ್ ಹಿಡಿದು ನಿಂತವನಿಗೆ ತಪ್ಪುತ್ತದೆ.

ಇವುಗಳಲ್ಲಿ ಯಾವುದೂ ತಮ್ಮಿಂದ ಆಗುವುದಿಲ್ಲವೆಂದು ತಿಳಿದಿದೆ. ಈಗ ಗಂಟೆ ನಾಲ್ಕು ಕಾಲು. ಕಿಟಕಿಯಿಂದ ಪಂಪ್‌ಹೌಸ್ ಕಾಣುತ್ತದೆ. ಜವರಪ್ಪನವರು ಕೊನೆಯ ಸಲ ಎಣ್ಣೆ ಬಿಟ್ಟು ಮೋಟಾರಿನ ಮೈ ಒರೆಸುತ್ತಿದ್ದಾರೆ, ನಿಂತಿರುವ ಮೈ. ನನ್ನ ಟ್ರಂಕು ಪ್ಯಾಕ್ ಆಗಿದೆ. ಅದನ್ನು ಕಟ್ಟಲು ಕ್ಲೆಮೆಂಟ್ ಒಂದು ಹಗ್ಗ ತಂದುಕೊಟ್ಟ.

ಬ್ರಶ್ಶಿಲ್ಲದೆ ಇಷ್ಟು ದಿನ ತಣ್ಣಗೆ ತಿರುಗಿ, ಇಂದು ಮೊದಲ ಸಲ ಕಿಡಿ ಕಾರಲು ಹೊರಟಿರುವ,

ತಮ್ಮ ವಿಶ್ವಾಸಿ,
ಮಹದೇವಪ್ರಸಾದ್
ಪ್ರಥಮ ವರ್ಷ, ರೂಮ್ ನಂ. 14 (ಐದು ಗಂಟೆಯವರೆಗೆ)

ತಾ.ಕ.: ಇದು ಬಹಿರಂಗ ಪತ್ರವಾದ್ದರಿಂದ ಒಂದು ಪ್ರತಿ ಮೆಸ್ಸಿನ ನೋಟಿಸ್ ಬೋರ್ಡಿಗೆ, ಇನ್ನೊಂದು ಆಫೀಸಿಗೆ. ಇದನ್ನೂ ಜವರಪ್ಪನವರ ವಿವರಣೆಯನ್ನೂ ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಕೈಬರಹವೆಂಬುದು ಕನ್ನಡಕವಿಲ್ಲದವರಿಗೂ ತಿಳಿಯುತ್ತದೆ. ಆ ತಪ್ಪೊಪ್ಪಿಗೆಯಲ್ಲಿ ಅಕ್ಷರ ಸರಿಯಾದವನದ್ದೇ ಇದೆ, ಸಹಿ ಮಾತ್ರ ಬೇರೆಯವರದ್ದು. ಇನ್ನು 'ಶುರು ಮಾಡಪ್ಪಾ' ಎಂದವರು ಯಾರು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅವರ ಮೇಲೆ ನನಗೆ ಗೌರವವಿದೆ. ಮೆಸ್ಸಿನ ಗೋಡೆಯ ಮೇಲೆ ಕುಂಕುಮದ ಗೆರೆ ಇನ್ನೂ ಹಾಗೇ ಇದೆ. ಅದು ನಡುವೆ ಒಂದು ಕಡೆ ಮಾತ್ರ, ಒಬ್ಬ ಮನುಷ್ಯ ನಿಂತಿದ್ದಷ್ಟು ಅಗಲಕ್ಕೆ, ತುಂಡಾಗಿದೆ.