ಬಾಗಿಲೊಳಗೆ ಬಿದ್ದ ನಟ್ಟಿನ ವಿಷಯವಾಗಿ ಒಂದು ಸವಿನಯ ದೂರು

ನಮ್ಮ ಕಾರಿನ ಚಾಲಕರ ಬಾಗಿಲನ್ನು ವಿನ್ಯಾಸಗೊಳಿಸಿದ, ಹೆಸರಿನಿಂದ ಪರಿಚಯವಿಲ್ಲದಿದ್ದರೂ ನನ್ನ ಕೈಬೆರಳ ಗಾಯಗಳ ಮೂಲಕ ಬಹಳ ಆಪ್ತರಾಗಿಬಿಟ್ಟಿರುವ ಎಂಜಿನಿಯರರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಮನೆಯ ಬಾಗಿಲುಗಳು ಸರಾಗವಾಗಿ ತೆರೆದು ಸರಾಗವಾಗಿ ಮುಚ್ಚುತ್ತಿರಲಿ, ತಮ್ಮ ಅಂಗಿಯ ಗುಂಡಿಗಳು ತಂತಮ್ಮ ಕಾಜಾಗಳನ್ನು ಮರೆಯದಿರಲಿ, ತಮ್ಮ ಕನ್ನಡಕದ ಕಡ್ಡಿಯಲ್ಲಿರುವ ಸಾಸಿವೆಯಷ್ಟು ಸ್ಕ್ರೂ ಎಂದೆಂದೂ ಸಡಿಲವಾಗದಿರಲಿ ಎಂದು ಹಾರೈಸಿ ಈ ಪತ್ರವನ್ನು ಆರಂಭಿಸುತ್ತೇನೆ. ಇದು ದೂರಾದರೂ ಮರ್ಯಾದೆಗೆ ಕೊರತೆಯಾಗದಂತೆ ನೋಡಿಕೊಳ್ಳುತ್ತೇನೆ. ಬದುಕಿನ ಬಹುಪಾಲನ್ನು ಪಾಠ ಹೇಳುವುದರಲ್ಲೇ ಕಳೆದವನಿಗೆ, ಬೈಯುವುದಿದ್ದರೂ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಸರಿಯಾಗಿ ಕೂರಿಸಿಯೇ ಬೈಯುವ ಅಭ್ಯಾಸವಿದೆ.

ನನ್ನ ಹೆಂಡತಿ ಅರವತ್ತು ದಾಟಿದ ಮೇಲೆ ಕಾರು ಕಲಿಯುತ್ತೇನೆಂದು ಹಟ ತೊಟ್ಟಳು. ಕಲಿಸಿದವನು ನಾನು, ಈ ಅಂಶವನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಮೊದಲ ಚಾಲನಾ ಪರೀಕ್ಷೆಯಲ್ಲಿ ಅವಳು ಎಲ್ಲವನ್ನೂ ಸರಿಯಾಗಿ ಮಾಡಿ, ಕೊನೆಗೆ ಬ್ರೇಕನ್ನು ಎಂಥ ಶ್ರದ್ಧೆಯಿಂದ ಒತ್ತಿದಳೆಂದರೆ, ಪರೀಕ್ಷಕರ ಕನ್ನಡಕ ಅವರ ಮೂಗನ್ನು ತ್ಯಜಿಸಿ ಗೇರಿನ ಬುಡದಲ್ಲಿ ಹೋಗಿ ಕುಳಿತಿತು, ಮತ್ತು ಅವರು ಬರಿಗಣ್ಣಿನಲ್ಲೇ ‘ನಪಾಸು’ ಎಂದು ಬರೆದರು. ಎರಡನೆಯ ಅವಕಾಶ ಸೋಮವಾರಕ್ಕೆ ನಿಗದಿಯಾಯಿತು. ಇದರಲ್ಲೂ ನಪಾಸಾದರೆ ಇನ್ನು ಸ್ಟಿಯರಿಂಗನ್ನು ಮುಟ್ಟುವುದಿಲ್ಲವೆಂದು ಅವಳು ಊಟದ ಮೇಜಿನಲ್ಲಿ ಘೋಷಿಸಿದಳು. ಘೋಷಿಸಿದ್ದನ್ನು ಅವಳು ಹಿಂತೆಗೆದುಕೊಂಡ ಉದಾಹರಣೆ ನಮ್ಮ ದಾಂಪತ್ಯದಲ್ಲಿಲ್ಲ. ಹೀಗಿರುವಾಗ ಶುಕ್ರವಾರ ಸಂಜೆ ಚಾಲಕರ ಕಡೆಯ ಗಾಜು ಮೇಲೇರಿದ್ದು ಕೆಳಗಿಳಿಯಲೇ ಇಲ್ಲ. ಪರೀಕ್ಷೆಯಲ್ಲಿ ಕಿಟಕಿಯಿಂದ ಕೈ ಹೊರಚಾಚಿ ತಿರುವಿನ ಸನ್ನೆ ತೋರಿಸಬೇಕು. ಮುಚ್ಚಿದ ಗಾಜಿನೊಳಗಿಂದ ತೋರಿಸಿದರೆ ಅದನ್ನು ಜನ ವಿದಾಯವೆಂದು ತಿಳಿದು ತಾವೂ ಕೈಬೀಸುವ ಅಪಾಯವಿತ್ತು. ಗ್ಯಾರೇಜಿನವರು ಮಂಗಳವಾರ ಬನ್ನಿ ಎಂದರು. ಆದ್ದರಿಂದ ಬಾಗಿಲನ್ನು ನಾನೇ ಬಿಚ್ಚಿದೆ.

ಮಾನ್ಯರೇ, ತಮ್ಮ ಪ್ರತಿಭೆಗೆ ನಮಸ್ಕಾರ. ಹೊರಗಿನಿಂದ ಅಷ್ಟು ಸಭ್ಯವಾಗಿ ಕಾಣುವ ಬಾಗಿಲಿನ ಒಳಹಲಗೆಯಲ್ಲಿ ತಾವು ಒಂದು ಇಡೀ ಶಾಲೆಯನ್ನೇ ಬಚ್ಚಿಟ್ಟಿದ್ದೀರಿ. ಹಿಡಿಕೆಯ ಕೆಳಗೆ ಸ್ಕ್ರೂ, ಸ್ಪೀಕರಿನ ಸುತ್ತ ಸ್ಕ್ರೂ, ಇನ್ನಿಲ್ಲವೆಂದು ಉಸಿರು ಬಿಟ್ಟ ಜಾಗದಲ್ಲಿ ಪುಟ್ಟದೊಂದು ಪ್ಲಾಸ್ಟಿಕ್ ಮುಚ್ಚಳ, ಅದರಡಿಯಲ್ಲಿ ಮತ್ತೊಂದು ಸ್ಕ್ರೂ! ಎಲ್ಲಕ್ಕೂ ಒಂದೇ ಬಣ್ಣ, ಒಂದೇ ತಲೆ, ಏನೂ ತಿಳಿಯದವರ ಅದೇ ಮುಖಭಾವ; ಉದ್ದದಲ್ಲಿ ಮಾತ್ರ ಕೂದಲೆಳೆಯ ವ್ಯತ್ಯಾಸ. ಅವಳಿ ಮಕ್ಕಳಿಗೂ ಹೆತ್ತ ತಾಯಿ ಗುರುತಿಗೆಂದು ಬೇರೆ ಬೇರೆ ಅಂಗಿ ತೊಡಿಸುತ್ತಾಳೆ. ತಮಗೆ ಅಷ್ಟು ಬಟ್ಟೆಯೂ ಸಿಗಲಿಲ್ಲವೇ?

ಸಹಾಯಕ್ಕೆಂದು ಬಂದು ಕುರ್ಚಿಯಲ್ಲಿ ಕುಳಿತ ನನ್ನ ಭಾವಮೈದುನ ಅಯಸ್ಕಾಂತದ ಬಟ್ಟಲೊಂದನ್ನು ತಂದಿದ್ದ. ಅದರೊಳಗೆ ಹಾಕಿದೊಡನೆ ಸ್ಕ್ರೂಗಳೆಲ್ಲ ಶಾಲೆ ಬಿಟ್ಟ ಗಂಟೆ ಕೇಳಿದ ಮಕ್ಕಳಂತೆ ಒಂದರ ಮೈಮೇಲೊಂದು ಬಿದ್ದವು. ಇಂಥ ಅಶಿಸ್ತನ್ನು ನಾನು ಎಂದೂ ಸಹಿಸಿದವನಲ್ಲ. ಅಡುಗೆಮನೆಯಿಂದ ಮೊಟ್ಟೆ ಜೋಡಿಸಿಡುವ ಗುಳಿಗಳ ಖಾಲಿ ತಟ್ಟೆಯನ್ನು ತರಿಸಿ, ಸ್ಕ್ರೂ, ನಟ್ಟು, ವಾಷರು, ಕ್ಲಿಪ್ಪು ಎಂದು ತರಗತಿವಾರು ವಿಂಗಡಿಸಿ, ಪ್ರತಿ ತರಗತಿಯನ್ನೂ ಎತ್ತರದ ಪ್ರಕಾರ, ಗಿಡ್ಡವರು ಮುಂದೆ, ಉದ್ದದವರು ಹಿಂದೆ, ಸಾಲಾಗಿ ನಿಲ್ಲಿಸಿದೆ. ಒಬ್ಬರೂ ಮಾತಾಡುತ್ತಿರಲಿಲ್ಲ, ಒಬ್ಬರೂ ಪಕ್ಕದವರನ್ನು ಚಿವುಟುತ್ತಿರಲಿಲ್ಲ. ನನ್ನ ವೃತ್ತಿಜೀವನದಲ್ಲಿ ಅಂಥ ಸಾಲನ್ನು ನಾನು ಕಂಡಿರಲಿಲ್ಲ. ಭಾವಮೈದುನ “ಭಾವ, ಇವತ್ತು ಪ್ರಾರ್ಥನೆ ಯಾರ್ ಹೇಳೋದು?” ಎಂದದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ ಹೆಂಡತಿ ತಟ್ಟೆಯನ್ನೊಮ್ಮೆ, ಬಾಗಿಲಿನ ತೂತುಗಳನ್ನೊಮ್ಮೆ ನೋಡಿ, “ಚೆಂದವಾಗಿ ನಿಲ್ಸಿದೀರಿ. ಯಾರ ಮನೆ ಎಲ್ಲಿ ಅಂತ ಕೇಳ್ಕೊಂಡಿದೀರಾ?” ಎಂದಳು.

ತಮ್ಮ ಲೋಪ ಎದ್ದು ಕಾಣುವುದು ಇಲ್ಲಿಯೇ. ನನ್ನ ವಿಂಗಡಣೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ತಮ್ಮ ತೂತುಗಳು ಎತ್ತರದ ಪ್ರಕಾರ ನಿಂತಿರಲಿಲ್ಲ. ಹಳಿ ತಪ್ಪಿದ್ದ ಗಾಜನ್ನು ಹಳಿಗೆ ಕೂರಿಸುವ ನಿಜವಾದ ದುರಸ್ತಿ ಲೋಟದ ಕಾಫಿ ಆರುವುದರೊಳಗೆ ಮುಗಿಯಿತು. ಗಾಜು ವಿಧೇಯ ವಿದ್ಯಾರ್ಥಿಯಂತೆ ಏರಿತು, ಇಳಿಯಿತು. ಆದರೆ ಆ ಸ್ಕ್ರೂಗಳನ್ನು ಒಂದೊಂದಾಗಿ ಕೈಹಿಡಿದು, ತೂತಿನಿಂದ ತೂತಿಗೆ ಅಲೆದು, ‘ಇದು ನಿನ್ನ ಮನೆಯೇನಪ್ಪಾ?’ ಎಂದು ವಿಚಾರಿಸುವ ಕೆಲಸ ಶನಿವಾರವನ್ನು ಇಡಿಯಾಗಿ ನುಂಗಿತು. ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ಅಲ್ಪ ಕೋರಿಕೆಗಳಿವೆ. ಮುಂದಿನ ಮಾದರಿಯಲ್ಲಿ ಪ್ರತಿ ಸ್ಕ್ರೂವಿನ ನೆತ್ತಿಯ ಮೇಲೂ ಅದರ ಪೂರ್ಣ ವಿಳಾಸವನ್ನು ದುಂಡಗಿನ ಅಕ್ಷರದಲ್ಲಿ ಕೆತ್ತಿಸಬೇಕು. ಹೆಸರು ಕರೆದೊಡನೆ ನಟ್ಟುಗಳು ‘ಹಾಜರ್ ಸಾರ್’ ಎನ್ನಬೇಕು. ಕ್ಲಿಪ್ಪುಗಳು ಮುರಿಯುವ ಮುನ್ನ ಒಮ್ಮೆ ಕೆಮ್ಮಿ ಸೂಚನೆ ಕೊಡಬೇಕು. ಕೈಜಾರಿದ ವಾಷರು ಯಾವ ಕಡೆಯಿಂದಲೂ ಕೈಗೆಟುಕದಂತೆ ಕಾರಿನಡಿಯ ಸರಿಯಾದ ಮಧ್ಯಬಿಂದುವಿಗೇ ಉರುಳಿಹೋಗುವಂತೆ ತಾವು ಅದಕ್ಕೆ ಕೊಟ್ಟಿರುವ ರೇಖಾಗಣಿತದ ತರಬೇತಿಯನ್ನು ತಕ್ಷಣ ನಿಲ್ಲಿಸಬೇಕು.

ಇಷ್ಟೇ ಆಗಿದ್ದರೆ ನಾನು ತಮ್ಮನ್ನು ಕ್ಷಮಿಸುತ್ತಿದ್ದೆ. ಒಳಹಲಗೆ ಕೂತು, ಎಲ್ಲ ಮುಗಿಯಿತೆನ್ನುವಾಗ, ತರಗತಿಯಲ್ಲೇ ಅತಿ ಗಿಡ್ಡನಾದ ಒಂದು ನಟ್ಟು ನನ್ನ ಬೆರಳಿನಿಂದ ಜಾರಿ, ಹಿಡಿಕೆಯ ತೂತಿನ ಮೂಲಕ ಬಾಗಿಲಿನ ಹೊಟ್ಟೆಯೊಳಗೆ ಬಿದ್ದುಬಿಟ್ಟಿತು. ಅದಿಲ್ಲದೆಯೂ ಹಿಡಿಕೆ ಗಟ್ಟಿಯಾಗಿಯೇ ನಿಂತಿತು. ಆದರೂ ಶಿಸ್ತಿನ ಪ್ರಶ್ನೆಯಲ್ಲವೇ ಎಂದು ನಾನು ಸ್ಕ್ರೂಡ್ರೈವರನ್ನು ಮತ್ತೆ ಎತ್ತಿಕೊಂಡದ್ದೇ ತಡ, ಹೆಂಡತಿ “ಇನ್ನೊಂದ್ಸಲ ಬಿಚ್ಚಿದ್ರೆ ನಾನು ಬಸ್ಸಲ್ಲಿ ಹೋಗಿ ಪರೀಕ್ಷೆ ಕೊಡ್ತೀನಿ” ಎಂದಳು. ಬಿಚ್ಚಲಿಲ್ಲ.

ಭಾನುವಾರ ಅಭ್ಯಾಸಕ್ಕೆ ಹೊರಟೆವು. ಮೊದಲ ಬ್ರೇಕಿಗೇ ಬಾಗಿಲೊಳಗೆ ‘ಟಣ್’ ಎಂದಿತು. ಎರಡನೆಯದಕ್ಕೂ ‘ಟಣ್’. ನಾನು ಎಂದಿನಂತೆ ‘ನಯವಾಗಿ, ನಯವಾಗಿ’ ಎಂದು ಬಾಯಿ ತೆರೆಯುವುದರೊಳಗೆ ಅವಳು ಬಾಗಿಲಿನ ಕಡೆ ತಲೆ ವಾಲಿಸಿ, ತೊಟ್ಟಿಲಲ್ಲಿ ಮಗುವನ್ನು ಮಲಗಿಸುವವಳ ದನಿಯಲ್ಲಿ, “ಇರು ಪುಟ್ಟ, ಏಳ್ಬೇಡ, ಇನ್ನೇನ್ ನಿಲ್ಲಿಸ್ತೀನಿ” ಎಂದಳು. ಮುಂದಿನ ತಿರುವಿನಲ್ಲಿ ಸಣ್ಣಗೆ ‘ಟಿಣ್’ ಎಂದಿತು. ಅದರ ಮುಂದಿನದರಲ್ಲಿ ಅದೂ ಇಲ್ಲ. ಸಂಜೆಯ ಹೊತ್ತಿಗೆ ಕಾರು ನಿಂತದ್ದು ನಟ್ಟಿಗೆ ಗೊತ್ತಾಗುತ್ತಲೇ ಇರಲಿಲ್ಲ. ಪಕ್ಕದಲ್ಲಿ ಕುಳಿತ ನನಗೂ ಗೊತ್ತಾಗದೆ, ಮನೆಯ ಮುಂದೆ ನಿಂತ ಕಾರಿನಲ್ಲಿ ಕೂತೇ ‘ಇನ್ನು ಎಡಕ್ಕೆ ತಿರುಗಿಸು’ ಎಂದುಬಿಟ್ಟೆ.

ಸೋಮವಾರ ಪರೀಕ್ಷಕರು ಮುನ್ನೆಚ್ಚರಿಕೆಯಾಗಿ ಕನ್ನಡಕವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಹತ್ತಿದರು. ಇಳಿಸಿದ ಗಾಜಿನಿಂದ ಹೊರಬಂದ ನನ್ನ ಹೆಂಡತಿಯ ಕೈ ತಿರುವುಗಳನ್ನು ಸೂಚಿಸಿದ ಠೀವಿಯನ್ನು ವರ್ಣಿಸಲು ಈ ಪತ್ರ ಸಾಲದು. ಕೊನೆಗೆ ಕಾರು ನಾನು ಕಾಯುತ್ತಿದ್ದ ಗೇಟಿನ ಬಳಿ ಬಂದು ನಿಂತಿತು. ಪರೀಕ್ಷಕರು ಕನ್ನಡಕದಿಂದ ಕೈ ತೆಗೆದು, ಆಚೀಚೆ ನೋಡಿ, “ನಿಂತಿದೀವೇನಮ್ಮಾ?” ಎಂದು ಕೇಳಿದರು, ‘ಪಾಸು’ ಎಂದು ಬರೆದರು, ಆಮೇಲೆ, “ಬ್ರೇಕು ಅಂದ್ರೆ ಇದು. ಯಾರಮ್ಮಾ ಕಲಿಸಿದ್ದು?” ಎಂದರು. ನಾನು ಅಂಗಿಯ ಕಾಲರನ್ನು ಸರಿಪಡಿಸಿಕೊಂಡು ಎರಡು ಹೆಜ್ಜೆ ಮುಂದೆ ಬಂದೆ. ನನ್ನ ಹೆಂಡತಿ ಬಾಗಿಲನ್ನು ಮೆಲ್ಲಗೆ ತಟ್ಟಿ, “ಮೇಷ್ಟ್ರು ಇದರೊಳಗಿದಾರೆ ಸಾರ್” ಎಂದಳು.

ಆ ವಾಕ್ಯವೇ, ಮಾನ್ಯರೇ, ನನ್ನ ದೂರು. ತಮ್ಮ ಸಂಸ್ಥೆಯಲ್ಲಿ ತಯಾರಾದ, ಓದುಬರಹವಿಲ್ಲದ, ಕಡಲೆಕಾಳಿನ ಗಾತ್ರದ ಒಂದು ವಸ್ತು ಒಂದೇ ಭಾನುವಾರದಲ್ಲಿ ನನ್ನ ಹುದ್ದೆಯನ್ನು ಕಸಿದುಕೊಂಡಿದೆ. ಒಂದೋ ಅದಕ್ಕೆ ನಿವೃತ್ತಿಯ ವಯಸ್ಸನ್ನು ನಿಗದಿಪಡಿಸಿ, ಇಲ್ಲವೇ ಅದರ ಸಹಾಯಕ ಶಿಕ್ಷಕನನ್ನಾಗಿ ನನ್ನನ್ನು ನೇಮಿಸಿ ಆದೇಶ ಹೊರಡಿಸಬೇಕಾಗಿ ಕೋರುತ್ತೇನೆ.

ಇಂತು ತಮ್ಮ ವಿಶ್ವಾಸಿ, ತಮ್ಮ ತೂತುಗಳಲ್ಲಿ ಮಾತ್ರ ವಿಶ್ವಾಸವಿಲ್ಲದ,
ಒಬ್ಬ ನಿವೃತ್ತ ಮೇಷ್ಟ್ರು

ತಾ.ಕ.: ಮನೆ ಸಿಗದೆ ಉಳಿದ ಎರಡು ಸ್ಕ್ರೂಗಳನ್ನು ಎತ್ತರದ ಪ್ರಕಾರ ಜೋಡಿಸಿ ಲಗತ್ತಿಸಿದ್ದೇನೆ. ಅವಿಲ್ಲದೆಯೇ ಬಾಗಿಲು ಪಾಸಾಗಿರುವುದರಿಂದ, ಅವುಗಳ ಅಗತ್ಯವೇನಿತ್ತೆಂಬುದನ್ನು ಒಂದು ಪುಟ ಮೀರದಂತೆ ವಿವರಿಸುವುದು, ಅಕ್ಷರ ಅಂದವಾಗಿರಲಿ. ಈ ಸಾಲುಗಳನ್ನು ಅಂಚೆ ಪೆಟ್ಟಿಗೆಯ ಮುಂದೆ ಕಾರಿನಲ್ಲೇ ಕುಳಿತು ಸೇರಿಸುತ್ತಿದ್ದೇನೆ. ಇಲ್ಲಿಯವರೆಗೆ ಓಡಿಸಿದವನು ನಾನು. ನಿಲ್ಲಿಸುವಾಗ ಬಾಗಿಲೊಳಗೆ ‘ಟಣ್’ ಎಂದಿತು, ಮತ್ತು ಪಕ್ಕದ ಸೀಟಿನಿಂದ ನನ್ನ ಹೆಂಡತಿ, ಕನ್ನಡಕವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, “ನಪಾಸು. ಮುಂದಿನ ಸೋಮವಾರ ಬನ್ನಿ” ಎಂದಳು.